ಅಕಿರ ಕುರೊಸಾವಾ: ಮುಖ ತಿರುಗಿಸದ ನೋಟ

ಜಪಾನಿನ ಚಲನಚಿತ್ರ ನಿರ್ದೇಶಕ ಅಕಿರ ಕುರೊಸಾವಾ (1910–1998) 1943ರಿಂದ 1993ರವರೆಗಿನ ಐವತ್ತು ವರ್ಷಗಳಲ್ಲಿ ಮೂವತ್ತು ಚಿತ್ರಗಳನ್ನು ನಿರ್ದೇಶಿಸಿದರು. ನಮ್ಮಲ್ಲಿ ಬಹಳ ಮಂದಿಗೆ ಅವರು ಪರಿಚಿತರಾಗಿರುವುದು ‘ರಾಶೊಮೊನ್’ ಮತ್ತು ‘ಸೆವೆನ್ ಸಮುರಾಯ್’ ಚಿತ್ರಗಳ ಮೂಲಕ. ಕತ್ತಿ, ಕುದುರೆ, ಮಳೆ, ಕೆಸರು, ಯುದ್ಧ ಇವು ಅವರ ಹೆಸರಿನೊಡನೆ ನೆನಪಾಗುವ ಚಿತ್ರಗಳು. ಆದರೆ ಅವರ ಕೃತಿಗಳಲ್ಲಿ ಇನ್ನೊಂದು ಧಾರೆಯಿದೆ. ಅದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಹರಿಯುತ್ತದೆ. ‘ಕುಡುಕ ದೇವದೂತ’ (1948), ‘ನಿಶ್ಶಬ್ದ ದ್ವಂದ್ವ’ (1949), ‘ಇಕಿರು’ (1952) ಮತ್ತು ‘ಕೆಂಪುಗಡ್ಡ’ (1965) ಎಂಬ ನಾಲ್ಕು ಚಿತ್ರಗಳ ವಸ್ತು ಕ್ರಮವಾಗಿ ಕ್ಷಯ, ಸಿಫಿಲಿಸ್, ಜಠರದ ಕ್ಯಾನ್ಸರ್ ಮತ್ತು ಬಡತನ. ನಾಲ್ಕನೆಯದನ್ನು ರೋಗಗಳ ಪಟ್ಟಿಗೆ ಸೇರಿಸಿದವರು ಸ್ವತಃ ಕುರೊಸಾವಾ. ಆ ಚಿತ್ರವನ್ನು ನೋಡಿದ ಯಾವ ವೈದ್ಯರೂ ಅದನ್ನು ಅಲ್ಲಗಳೆಯಲಾರರು.

ಮೂರು ದಶಕಗಳಿಂದ ವೈದ್ಯವೃತ್ತಿಯಲ್ಲಿರುವ ನನಗೆ ಕುರೊಸಾವಾ ಚಿತ್ರಗಳಲ್ಲಿ ಅತ್ಯಂತ ಪ್ರಿಯವಾದವು ಈ ನಾಲ್ಕು. ಅವುಗಳ ಬೆಳಕಿನಲ್ಲಿ ಅವರ ಬದುಕನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಅಣ್ಣ

ಕುರೊಸಾವಾ 1910ರ ಮಾರ್ಚ್ 23ರಂದು ತೋಕಿಯೊ ನಗರದಲ್ಲಿ, ಎಂಟು ಮಕ್ಕಳಲ್ಲಿ ಕಡೆಯವರಾಗಿ ಜನಿಸಿದರು. ತಂದೆ ಇಸಾಮು ಅಕಿತಾ ಪ್ರಾಂತದ ಸಮುರಾಯ್ ಮನೆತನಕ್ಕೆ ಸೇರಿದವರು. ಸೈನ್ಯದ ದೈಹಿಕ ಶಿಕ್ಷಣ ಸಂಸ್ಥೆಯೊಂದರ ಶಾಲೆಯಲ್ಲಿ ಅಧಿಕಾರಿ. ತಾಯಿ ಶಿಮಾ ಒಸಾಕಾದ ವ್ಯಾಪಾರಿ ಕುಟುಂಬದವರು. ತಂದೆ ಶಿಸ್ತಿನ ಮನುಷ್ಯರಾಗಿದ್ದರೂ ಸಿನೆಮಾವನ್ನು ದುಶ್ಚಟವೆಂದು ಬಗೆಯದೆ, ಅದರಿಂದ ಕಲಿಯುವುದಿದೆಯೆಂದು ನಂಬಿ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಪ್ರಾಥಮಿಕ ಶಾಲೆಯಲ್ಲಿ ಅಕಿರ ಹಿಂದುಳಿದ, ಮಾತೆತ್ತಿದರೆ ಅಳುವ ಹುಡುಗ. ತಾಚಿಕಾವಾ ಎಂಬ ಉಪಾಧ್ಯಾಯರು ಅವನ ಚಿತ್ರಕಲೆಯನ್ನು ಗುರುತಿಸಿ ಮೆಚ್ಚಿದ ಮೇಲೆ ಅವನಲ್ಲಿ ಧೈರ್ಯ ಮೂಡಿತು.

ಆ ಬಾಲ್ಯದ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದವನು ನಾಲ್ಕು ವರ್ಷ ಹಿರಿಯನಾದ ಅಣ್ಣ ಹೈಗೊ. 1923ರ ಸೆಪ್ಟೆಂಬರ್ 1ರಂದು ಕಾಂತೊ ಪ್ರದೇಶವನ್ನು ಮಹಾಭೂಕಂಪ ಅಲುಗಿಸಿತು. ಮಧ್ಯಾಹ್ನದ ಅಡುಗೆಗೆ ಒಲೆ ಹೊತ್ತಿದ್ದ ಸಮಯವಾದ್ದರಿಂದ ಮರದ ಮನೆಗಳಿಗೆ ಬೆಂಕಿ ಹಬ್ಬಿ, ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸುಳ್ಳು ವದಂತಿಗಳನ್ನು ನಂಬಿದ ಗುಂಪುಗಳು ಸಾವಿರಾರು ಕೊರಿಯನ್ನರನ್ನು ಕೊಂದವು. ಬೆಂಕಿ ಆರಿದ ಮೇಲೆ ಹೈಗೊ ಹದಿಮೂರು ವರ್ಷದ ತಮ್ಮನನ್ನು ಕರೆದುಕೊಂಡು ಹಾಳುಬಿದ್ದ ನಗರವನ್ನು ನೋಡಲು ಹೊರಟ. ಬೀದಿಯಲ್ಲಿ, ಸುಮಿದಾ ನದಿಯ ದಡದಲ್ಲಿ, ನೀರಿನಲ್ಲಿ, ಎಲ್ಲೆಲ್ಲೂ ಹೆಣಗಳು. ಹುಡುಗ ಮುಖ ತಿರುಗಿಸಿದಾಗಲೆಲ್ಲ ಅಣ್ಣ ಗದರಿಸಿ, ಚೆನ್ನಾಗಿ ನೋಡುವಂತೆ ಒತ್ತಾಯಿಸಿದ. ಆ ರಾತ್ರಿ ದುಃಸ್ವಪ್ನಗಳು ಕಾಡುತ್ತವೆಂದು ಅಂಜಿದ್ದ ಬಾಲಕ ಗಾಢವಾಗಿ ನಿದ್ರಿಸಿದ. ಕಾರಣ ಕೇಳಿದಾಗ ಅಣ್ಣ ಕೊಟ್ಟ ವಿವರಣೆ ಸರಳ: ಭಯಂಕರವಾದುದಕ್ಕೆ ಕಣ್ಣು ಮುಚ್ಚಿದವನನ್ನು ಅದು ಬೆನ್ನಟ್ಟುತ್ತದೆ, ನೇರವಾಗಿ ನೋಡಿದವನನ್ನು ಬಿಟ್ಟುಬಿಡುತ್ತದೆ.

ಹೈಗೊ ಮುಂದೆ ಬೆನ್ಶಿಯಾದ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುತ್ತ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದ ಕಲಾವಿದನನ್ನು ಬೆನ್ಶಿ ಎನ್ನುತ್ತಿದ್ದರು. ನಮ್ಮ ಹರಿಕಥೆಯ ದಾಸರನ್ನೂ ತಾಳಮದ್ದಳೆಯ ಅರ್ಥಧಾರಿಯನ್ನೂ ಒಟ್ಟಿಗೆ ನೆನೆದರೆ ಆ ಕಲೆಯ ಕಲ್ಪನೆ ಬಂದೀತು. ವಿದೇಶಿ ಚಿತ್ರಗಳಿಗೆ ಹೈಗೊ ಹೆಸರಾಂತ ಬೆನ್ಶಿ. ಮಾತಿನ ಚಿತ್ರಗಳು ಬಂದೊಡನೆ ಆ ವೃತ್ತಿಯೇ ಅಳಿಯಿತು. ಬೆನ್ಶಿಗಳ ಮುಷ್ಕರದ ಮುಂದಾಳುವಾಗಿದ್ದ ಹೈಗೊ ಸೋಲನ್ನು ಕಂಡು, 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ನೋಡುವುದನ್ನು ಕಲಿಸಿದವನೇ ಇಲ್ಲವಾದ. ಈ ಸಾವಿನ ನೆರಳು ತಮ್ಮನನ್ನು ಕೊನೆಯವರೆಗೂ ಬಿಡಲಿಲ್ಲ.

ಚಿತ್ರರಂಗ ಪ್ರವೇಶ

ಚಿತ್ರಕಾರನಾಗಬೇಕೆಂದಿದ್ದ ಕುರೊಸಾವಾಗೆ ಅದರಿಂದ ಹೊಟ್ಟೆ ಹೊರೆಯುವುದು ಸಾಧ್ಯವಾಗಲಿಲ್ಲ. ಮುಂದೆ ‘ತೊಹೊ’ ಎಂದು ಹೆಸರಾದ ಚಿತ್ರಸಂಸ್ಥೆ ಸಹಾಯಕ ನಿರ್ದೇಶಕರಿಗಾಗಿ ಜಾಹೀರಾತು ನೀಡಿ, ಜಪಾನಿ ಚಿತ್ರಗಳ ಮೂಲಭೂತ ದೋಷಗಳು ಮತ್ತು ಅವುಗಳ ಪರಿಹಾರದ ಬಗ್ಗೆ ಪ್ರಬಂಧ ಕೇಳಿತ್ತು. ದೋಷ ಮೂಲಭೂತವೇ ಆಗಿದ್ದರೆ ಅದಕ್ಕೆ ಪರಿಹಾರವೆಲ್ಲಿಯದು ಎಂಬ ಧಾಟಿಯಲ್ಲಿ ಅವರು ಬರೆದ ಕುಚೋದ್ಯದ ಉತ್ತರ ಪರೀಕ್ಷಕರಿಗೆ ಹಿಡಿಸಿತು. 1936ರಲ್ಲಿ ಕೆಲಸಕ್ಕೆ ಸೇರಿ, ನಿರ್ದೇಶಕ ಕಾಜಿರೊ ಯಾಮಾಮೊಟೊ ಅವರ ಕೈಕೆಳಗೆ ಚಿತ್ರಕಥೆಯಿಂದ ಸಂಕಲನದವರೆಗೆ ಎಲ್ಲವನ್ನೂ ಕಲಿತರು. 1943ರಲ್ಲಿ ‘ಸುಗಾತಾ ಸಾನ್ಶಿರೊ’ ಎಂಬ ಮೊದಲ ಚಿತ್ರ ತೆರೆಕಂಡಿತು. 1945ರಲ್ಲಿ ನಟಿ ಯೊಕೊ ಯಾಗುಚಿ ಅವರನ್ನು ವಿವಾಹವಾದರು. ಅದೇ ವರ್ಷ ಜಪಾನ್ ಯುದ್ಧದಲ್ಲಿ ಸೋತು ಅಮೆರಿಕದ ಆಡಳಿತಕ್ಕೆ ಒಳಪಟ್ಟಿತು.

ಕೊಳಚೆಯ ದಡದ ವೈದ್ಯ: ‘ಕುಡುಕ ದೇವದೂತ’

ಯುದ್ಧಾನಂತರದ ಜಪಾನಿನಲ್ಲಿ ಸಾವಿಗೆ ಮೊದಲ ಕಾರಣ ಕ್ಷಯರೋಗ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ಪತ್ತೆಯಾಗಿತ್ತಾದರೂ ತೋಕಿಯೊದ ಬಡವರ ಕೈಗೆ ಎಟುಕಿರಲಿಲ್ಲ. ವಿಶ್ರಾಂತಿ, ಪಥ್ಯ, ಶುದ್ಧ ಗಾಳಿ ಇವೇ ಔಷಧ. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಮೈಸೂರಿನಲ್ಲಿ ಕಟ್ಟಿದ ಸ್ಯಾನಟೋರಿಯಂ ಬಲ್ಲ ಹಿರಿಯರಿಗೆ ಆ ಕಾಲದ ಅಸಹಾಯಕತೆಯನ್ನು ವಿವರಿಸಬೇಕಿಲ್ಲ.

ಚಿತ್ರದ ನಡುವೆ ಒಂದು ಕೊಳಚೆ ಹೊಂಡವಿದೆ. ಅದರ ದಡದಲ್ಲಿ ಡಾ. ಸನಾದಾನ ಚಿಕಿತ್ಸಾಲಯ. ಸನಾದಾ ಒರಟ, ಕುಡುಕ. ಚಿಕಿತ್ಸೆಗೆಂದು ಇಟ್ಟ ಆಲ್ಕೊಹಾಲನ್ನೂ ಬಿಡದವನು. ಕೈಗೆ ಗುಂಡು ಬಡಿಸಿಕೊಂಡು ಬಂದ ರೌಡಿ ಮಾತ್ಸುನಾಗಾನ ಕೆಮ್ಮನ್ನು ಕೇಳಿದೊಡನೆ ಕ್ಷಯದ ಗುಮಾನಿ ಬಂದು, ಅವನನ್ನು ಬೈದು, ಜಗಳವಾಡಿ, ಹೊಡೆತ ತಿಂದೂ ಬೆನ್ನು ಬಿಡದೆ ಚಿಕಿತ್ಸೆಗೆ ಎಳೆಯುತ್ತಾನೆ. ವೈದ್ಯನ ಪಾತ್ರ ತಕಾಶಿ ಶಿಮುರಾ ಅವರದು. ರೌಡಿಯಾಗಿ ನಟಿಸಿದವರು ಇಪ್ಪತ್ತೆಂಟರ ತೋಶಿರೊ ಮಿಫುನೆ. ಇಲ್ಲಿಂದ ಮೊದಲಾದ ಕುರೊಸಾವಾ-ಮಿಫುನೆ ಜೋಡಿ ಹದಿನಾರು ಚಿತ್ರಗಳಲ್ಲಿ ಒಂದಾಯಿತು. ರೌಡಿ ರೋಗಕ್ಕೆ ಹೆದರುವುದಿಲ್ಲ, ರೋಗವಿದೆಯೆಂದು ಒಪ್ಪಿಕೊಳ್ಳಲು ಹೆದರುತ್ತಾನೆ. ಅದೇ ಚಿಕಿತ್ಸಾಲಯಕ್ಕೆ ಬರುವ ಶಾಲಾ ಬಾಲಕಿಯೊಬ್ಬಳು ರೋಗವನ್ನು ಒಪ್ಪಿಕೊಂಡು, ವೈದ್ಯ ಹೇಳಿದಂತೆ ನಡೆದು ಗುಣಮುಖಳಾಗುತ್ತಾಳೆ. ರೌಡಿ ಚಾಕುವಿನ ಕಾದಾಟದಲ್ಲಿ ಸಾಯುತ್ತಾನೆ.

ಈ ಚಿತ್ರೀಕರಣದ ನಡುವೆ ಕುರೊಸಾವಾ ತಂದೆ ತೀರಿಕೊಂಡರು. ಕೆಲಸದ ಒತ್ತಡದಿಂದ ಮಗನಿಗೆ ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿರಲಾಗಲಿಲ್ಲ. ಸುದ್ದಿ ಬಂದ ದಿನ ಶಿಂಜುಕು ಬೀದಿಯಲ್ಲಿ ಅಲೆಯುತ್ತಿದ್ದಾಗ ಧ್ವನಿವರ್ಧಕದಿಂದ ಲವಲವಿಕೆಯ ಕೋಗಿಲೆ ವಾಲ್ಟ್ಸ್ ಕೇಳಿಬಂತು. ಅದರಿಂದ ದುಃಖ ಇಮ್ಮಡಿಸಿತು. ಚಿತ್ರದಲ್ಲಿ ಎಲ್ಲವನ್ನೂ ಕಳೆದುಕೊಂಡ ಮಾತ್ಸುನಾಗಾ ಮಾರುಕಟ್ಟೆಯಲ್ಲಿ ತೂರಾಡುತ್ತ ನಡೆಯುವಾಗ ಕೇಳುವುದು ಅದೇ ಸಂಗೀತ. ಅದನ್ನು ಅಳವಡಿಸಿದ ಸಂಗೀತ ನಿರ್ದೇಶಕ ಫುಮಿಯೊ ಹಯಾಸಾಕಾ ಸ್ವತಃ ಕ್ಷಯರೋಗಿ. ‘ರಾಶೊಮೊನ್’, ‘ಇಕಿರು’, ‘ಸೆವೆನ್ ಸಮುರಾಯ್’ಗಳಿಗೆ ಸಂಗೀತ ನೀಡಿ, 1955ರಲ್ಲಿ ನಲವತ್ತೊಂದನೆಯ ವಯಸ್ಸಿನಲ್ಲಿ ಅದೇ ರೋಗದಿಂದ ಅವರು ನಿಧನರಾದರು. ಅಣುಬಾಂಬಿನ ಭೀತಿಯನ್ನು ಕುರಿತ ಆ ವರ್ಷದ ಕುರೊಸಾವಾ ಚಿತ್ರ ಹುಟ್ಟಿದ್ದೇ ರೋಗಪೀಡಿತ ಗೆಳೆಯನೊಡನೆ ನಡೆದ ಮಾತುಕತೆಯಿಂದ.

ಕೈಗವಸು ಕಳಚಿದ ರಾತ್ರಿ: ‘ನಿಶ್ಶಬ್ದ ದ್ವಂದ್ವ’

ಮರುವರ್ಷದ ಚಿತ್ರದಲ್ಲಿ ಮಿಫುನೆ ಶಸ್ತ್ರವೈದ್ಯ. ಯುದ್ಧಭೂಮಿಯ ತಾತ್ಕಾಲಿಕ ಆಸ್ಪತ್ರೆಯಲ್ಲಿ, ಮಳೆ ಸುರಿಯುವ ರಾತ್ರಿ, ಸತತ ಶಸ್ತ್ರಕ್ರಿಯೆಗಳಿಂದ ದಣಿದ ಡಾ. ಫುಜಿಸಾಕಿ ಕೈಗವಸು ಕಳಚಿ ಕೆಲಸ ಮುಂದುವರಿಸುತ್ತಾನೆ. ಬೆರಳಿಗೆ ಚೂರಿ ತಾಗುತ್ತದೆ. ರೋಗಿಗೆ ಸಿಫಿಲಿಸ್ ಇದ್ದುದು ಆಮೇಲೆ ತಿಳಿಯುತ್ತದೆ. ಊರಿಗೆ ಮರಳಿದ ವೈದ್ಯ ಗುಟ್ಟಾಗಿ ಸಾಲ್ವರ್ಸಾನ್ ಚುಚ್ಚಿಕೊಳ್ಳುತ್ತ, ವರ್ಷಗಳಿಂದ ಕಾದಿದ್ದ ಹುಡುಗಿಯೊಡನೆ ನಿಶ್ಚಯವಾಗಿದ್ದ ವಿವಾಹವನ್ನು ಕಾರಣ ಹೇಳದೆ ಮುರಿಯುತ್ತಾನೆ. ನಿಜ ಹೇಳಿದರೆ ಅವಳು ಕಾಯುತ್ತಲೇ ಉಳಿದಾಳೆಂಬುದು ಅವನ ತರ್ಕ.

ನಾಲ್ಕರಲ್ಲಿ ಇದು ದುರ್ಬಲ ಚಿತ್ರ. ನಾಟಕವೊಂದನ್ನು ಆಧರಿಸಿದ್ದರಿಂದ ರಂಗಭೂಮಿಯ ಬಿಗಿತ ಉಳಿದಿದೆ. ಆದರೂ ಎಚ್ಐವಿಯ ಮೊದಲ ವರ್ಷಗಳಲ್ಲಿ ಸೂಜಿ ಚುಚ್ಚಿಸಿಕೊಂಡು ಪರೀಕ್ಷೆಯ ಫಲಿತಾಂಶಕ್ಕೆ ಕಾದ ನನ್ನ ತಲೆಮಾರಿನ ವೈದ್ಯರಿಗೆ, ದಾದಿಯರಿಗೆ ಆ ಬೆರಳಿನ ದೃಶ್ಯ ಮರೆಯುವಂಥದಲ್ಲ. ತನ್ನ ರೋಗವನ್ನು ತಾನು ನೇರವಾಗಿ ನೋಡಬಲ್ಲ ವೈದ್ಯ, ತನ್ನ ಪ್ರಿಯಳಿಗೆ ನೋಡುವ ಹಕ್ಕನ್ನು ಕೊಡಲಾರ. ಹೇಳದಿರುವುದು ತ್ಯಾಗವೋ ಅನ್ಯಾಯವೋ ಎಂಬ ಈ ಪ್ರಶ್ನೆ ಮೂರು ವರ್ಷಗಳ ಅನಂತರ ಇನ್ನೂ ತೀಕ್ಷ್ಣವಾಗಿ ಮರಳುತ್ತದೆ.

ಜಗತ್ತು ಕಂಡ ಕುರೊಸಾವಾ

ಆ ನಡುವೆ ‘ರಾಶೊಮೊನ್’ (1950) ಬಂದಿತು. ಅಕುತಾಗಾವಾನ ಎರಡು ಕಥೆಗಳನ್ನು ಆಧರಿಸಿದ ಈ ಚಿತ್ರದಲ್ಲಿ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ರೀತಿ ಹೇಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಗೌರವ ಉಳಿಯುವಂತೆ ಸತ್ಯವನ್ನು ತಿದ್ದುತ್ತಾರೆ. 1951ರ ವೆನಿಸ್ ಚಿತ್ರೋತ್ಸವಕ್ಕೆ ಚಿತ್ರ ಹೋಗಿದ್ದುದೇ ಕುರೊಸಾವಾಗೆ ತಿಳಿದಿರಲಿಲ್ಲ. ಮೀನು ಹಿಡಿಯಲು ಹೋಗಿ ಗಾಳದ ದಾರ ಹರಿದುಕೊಂಡು ಬರಿಗೈಯಲ್ಲಿ ಮನೆಗೆ ಬಂದಾಗ, ಚಿತ್ರಕ್ಕೆ ಸ್ವರ್ಣಸಿಂಹ ಪ್ರಶಸ್ತಿ ಬಂದ ಸುದ್ದಿಯನ್ನು ಪತ್ನಿ ಹೇಳಿದರು. 1952ರಲ್ಲಿ ನಡೆದ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿಯೂ ಈ ಚಿತ್ರ ಪ್ರದರ್ಶಿತವಾಯಿತು; ಅದರಿಂದ ಗಾಢವಾಗಿ ಪ್ರಭಾವಿತರಾದವರಲ್ಲಿ ಸತ್ಯಜಿತ್ ರಾಯ್ ಒಬ್ಬರು. ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಹೇಳುವ ಆ ವಿನ್ಯಾಸವನ್ನು ಕನ್ನಡದ ಹೊಸ ಪ್ರೇಕ್ಷಕರು ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಚಿತ್ರದಲ್ಲಿ ಕಂಡಿದ್ದಾರೆ.

ಹೇಳದ ರೋಗ: ‘ಇಕಿರು’

‘ಇಕಿರು’ ಎಂದರೆ ಬದುಕುವುದು. ಚಿತ್ರ ಆರಂಭವಾಗುವುದು ಜಠರದ ಎಕ್ಸ್-ರೇಯಿಂದ. ಈ ಹೊಟ್ಟೆಯ ಯಜಮಾನನಿಗೆ ಕ್ಯಾನ್ಸರ್ ಇದೆ, ಅವನಿಗೆ ಇನ್ನೂ ಗೊತ್ತಿಲ್ಲ ಎಂದು ನಿರೂಪಕ ತಿಳಿಸುತ್ತಾನೆ. ಮುಂದಿನ ಎರಡೂಕಾಲು ಗಂಟೆಯನ್ನು ನಾವು ರೋಗಿಗಿಂತ ಮೊದಲೇ ರೋಗ ತಿಳಿದವರಾಗಿ, ಅಂದರೆ ವೈದ್ಯರಾಗಿ, ನೋಡಬೇಕಾಗುತ್ತದೆ.

ಕಾಂಜಿ ವಾತಾನಾಬೆ ನಗರಾಡಳಿತದ ನಾಗರಿಕ ವಿಭಾಗದ ಮುಖ್ಯಸ್ಥ. ಮೂವತ್ತು ವರ್ಷ ಕಡತಗಳಿಗೆ ಮೊಹರು ಒತ್ತಿದವನು. ಕೊಳಚೆ ಹೊಂಡವನ್ನು ಮುಚ್ಚಿ ಮಕ್ಕಳಿಗೆ ಉದ್ಯಾನ ಮಾಡಿಕೊಡಿ ಎಂದು ಬೇಡಿ ಬಂದ ಬಡ ತಾಯಂದಿರನ್ನು ಕಚೇರಿಯವರು ಒಂದು ಕಿಟಕಿಯಿಂದ ಇನ್ನೊಂದಕ್ಕೆ, ಒಂದು ವಿಭಾಗದಿಂದ ಮತ್ತೊಂದಕ್ಕೆ ಅಟ್ಟುತ್ತ, ಸುತ್ತಿ ಬಳಸಿ ಮೊದಲ ಕಿಟಕಿಗೇ ತಂದು ನಿಲ್ಲಿಸುತ್ತಾರೆ. ಸರ್ಕಾರದ ಕೆಲಸ ದೇವರ ಕೆಲಸವೆಂಬ ಬರಹ ಹೊತ್ತ ನಮ್ಮ ವಿಧಾನಸೌಧ ಮೇಲೇಳುತ್ತಿದ್ದುದೂ ಅದೇ ವರ್ಷಗಳಲ್ಲಿ. ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ಅಲೆದವರಿಗೆ ಈ ದೃಶ್ಯ ದೂರದ್ದೆನಿಸದು.

ಆಸ್ಪತ್ರೆಯಲ್ಲಿ ಕಾಯುತ್ತಿರುವಾಗ ಪಕ್ಕದ ರೋಗಿಯೊಬ್ಬ ತಾನಾಗಿಯೇ ಬಾಯಿಬಿಡುತ್ತಾನೆ. ಸಣ್ಣ ಅಲ್ಸರ್ ಅಷ್ಟೇ, ಶಸ್ತ್ರಕ್ರಿಯೆ ಬೇಡ, ಇಷ್ಟವಾದುದನ್ನು ತಿನ್ನಬಹುದು ಎಂದು ವೈದ್ಯರು ಹೇಳಿದರೆ ಅದು ಕ್ಯಾನ್ಸರ್ ಎಂದೇ ಅರ್ಥವೆಂದು ವಿವರಿಸುತ್ತಾನೆ. ಒಳಗೆ ಹೋದ ವಾತಾನಾಬೆಗೆ ವೈದ್ಯರು ಆ ಮಾತುಗಳನ್ನೇ ಒಂದೊಂದಾಗಿ ಒಪ್ಪಿಸುತ್ತಾರೆ. ಕೋಟು ಅವನ ಕೈಯಿಂದ ಜಾರುತ್ತದೆ. ದಯವಿಟ್ಟು ನಿಜ ಹೇಳಿ ಎಂದು ಅಂಗಲಾಚಿದರೂ ಉತ್ತರ ಬದಲಾಗುವುದಿಲ್ಲ. ಅವನು ಹೊರಗೆ ಹೋದ ಮೇಲೆ, ಬದುಕು ಅರ್ಧ ವರ್ಷ ಮಾತ್ರ ಉಳಿದಿದ್ದರೆ ನೀನೇನು ಮಾಡುತ್ತೀಯೆ ಎಂದು ಹಿರಿಯ ವೈದ್ಯ ಕಿರಿಯನನ್ನು ಕೇಳುತ್ತಾನೆ. ಕೇಳಬೇಕಾದವನನ್ನು ಮಾತ್ರ ಕೇಳಲಿಲ್ಲ.

ಈ ವೈದ್ಯರನ್ನು ದುಷ್ಟರೆಂದು ಭಾವಿಸಬಾರದು. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಬಹಳ ಸಾಮಾನ್ಯ. ಹೊಟ್ಟೆಯ ಒಳಭಾಗದ ಛಾಯಾಚಿತ್ರ ತೆಗೆಯುವ ಮೊದಲ ಗ್ಯಾಸ್ಟ್ರೊಕ್ಯಾಮೆರಾ ತೋಕಿಯೊದಲ್ಲಿ ರೂಪುಗೊಂಡದ್ದು 1950ರಲ್ಲಿ, ಈ ಚಿತ್ರಕ್ಕೆ ಎರಡೇ ವರ್ಷ ಮೊದಲು. ಹರಡಿದ ಕ್ಯಾನ್ಸರಿಗೆ ಚಿಕಿತ್ಸೆಯಿಲ್ಲದಿದ್ದಾಗ ಅದರ ಹೆಸರು ಹೇಳುವುದು ಕ್ರೌರ್ಯವೆಂದು ಎಲ್ಲೆಡೆಯ ವೈದ್ಯರು ನಂಬಿದ್ದರು. ಅಮೆರಿಕದ ವೈದ್ಯರನ್ನು ಕುರಿತು 1961ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು 90 ಶೇಕಡಾ ಮಂದಿ ಕ್ಯಾನ್ಸರ್ ಇರುವುದನ್ನು ರೋಗಿಗೆ ಹೇಳದಿರಲು ಬಯಸಿದ್ದರು. 1979ರ ಸಮೀಕ್ಷೆಯಲ್ಲಿ 97 ಶೇಕಡಾ ಮಂದಿ ಹೇಳುವುದೇ ಸರಿಯೆಂದರು. ಜಪಾನಿನಲ್ಲಿ ಈ ಬದಲಾವಣೆ ತಡವಾಗಿ ಬಂದಿತು. 1989ರಲ್ಲಿ ಚಕ್ರವರ್ತಿ ಹಿರೊಹಿತೊ ತೀರಿಕೊಳ್ಳುವವರೆಗೂ ಅವರಿಗೆ ಕ್ಯಾನ್ಸರ್ ಇದ್ದುದನ್ನು ಪ್ರಕಟಿಸಿರಲಿಲ್ಲ.

ಕುರೊಸಾವಾ ಚಿತ್ರದಲ್ಲಿ ಮೌನ ಒಂದೇ ಕಡೆ ನಿಲ್ಲುವುದಿಲ್ಲ. ವೈದ್ಯ ರೋಗಿಗೆ ಹೇಳುವುದಿಲ್ಲ. ರೋಗಿ ಮಗನಿಗೆ ಹೇಳಲು ಹೋಗಿ, ತನ್ನ ನಿವೃತ್ತಿ ಹಣದ ಬಗ್ಗೆ ಮಗ-ಸೊಸೆ ಆಡುವ ಮಾತು ಕೇಳಿ ಸುಮ್ಮನಾಗುತ್ತಾನೆ. ಮೊದಲು ಕುಡಿತ, ಕುಣಿತಗಳಲ್ಲಿ ಮರೆಯಲು ಯತ್ನಿಸಿ, ಕೊನೆಗೆ ಆಟಿಕೆ ಕಾರ್ಖಾನೆಯ ಯುವತಿಯೊಬ್ಬಳ ಸಹವಾಸದಲ್ಲಿ ಅವನಿಗೆ ದಾರಿ ಕಾಣುತ್ತದೆ: ಕಸದಂತೆ ಬದಿಗಿಟ್ಟಿದ್ದ ತಾಯಂದಿರ ಅರ್ಜಿ. ಆ ಹೊಂಡವನ್ನು ಮುಚ್ಚಿಸಿ ಉದ್ಯಾನ ಕಟ್ಟಿಸಿಯೇ ತೀರುತ್ತಾನೆ. ಅದನ್ನು ಕುರೊಸಾವಾ ನೇರವಾಗಿ ತೋರಿಸುವುದಿಲ್ಲ. ಚಿತ್ರದ ಕೊನೆಯ ಮೂರನೆಯ ಒಂದು ಭಾಗ ನಡೆಯುವುದು ವಾತಾನಾಬೆ ಸತ್ತ ಮೇಲೆ, ಅವನ ಭಾವಚಿತ್ರದ ಮುಂದೆ ಸೇರಿದ ಸಹೋದ್ಯೋಗಿಗಳ ನಡುವೆ. ಅವನಿಗೆ ತನ್ನ ರೋಗ ತಿಳಿದಿತ್ತೇ ಎಂದು ಅವರು ಕುಡಿಯುತ್ತ ಚರ್ಚಿಸುತ್ತಾರೆ. ಹಿಮ ಬೀಳುವ ರಾತ್ರಿ ತಾನು ಕಟ್ಟಿಸಿದ ಉದ್ಯಾನದ ಉಯ್ಯಾಲೆಯಲ್ಲಿ ಕುಳಿತು ಹಾಡುತ್ತ ಅವನು ಸತ್ತನೆಂದು ಪೊಲೀಸನೊಬ್ಬನಿಂದ ತಿಳಿಯುತ್ತದೆ. ತಂದೆ ತನಗೇಕೆ ಹೇಳಲಿಲ್ಲ ಎಂಬ ನೋವು ಮಗನಿಗೆ ಉಳಿಯುತ್ತದೆ.

ಈ ಮಗನ ನೋವು ಹೊರನಾಡಿನಲ್ಲಿರುವ ನಮ್ಮದೂ ಹೌದು. ಇಲ್ಲಿನ ಕೊಲ್ಲಿ ಪ್ರದೇಶಕ್ಕೆ ಮೊಮ್ಮಕ್ಕಳನ್ನು ನೋಡಲು ಬಂದ ಅಪ್ಪನಿಗೋ ಅಮ್ಮನಿಗೋ ಕಾಯಿಲೆ ಪತ್ತೆಯಾಗುವುದುಂಟು. ಮಗ ಅಥವಾ ಮಗಳೇ ಅನುವಾದಕರಾಗಿ ಕುಳಿತು, ವೈದ್ಯರು ಕ್ಯಾನ್ಸರ್ ಎಂದುದನ್ನು ಕನ್ನಡದಲ್ಲಿ ಸಣ್ಣ ಗಡ್ಡೆ ಎಂದುಬಿಡುತ್ತಾರೆ. ಇದರ ಮೂಲ ಪ್ರೀತಿಯೇ. ಆದರೆ ಎದುರಿಗಿರುವ ಹಿರಿಯರು ಮಕ್ಕಳ ಮುಖ ಓದಬಲ್ಲವರು. ನಾನು ಕಂಡಂತೆ, ಹೇಳದಿದ್ದಾಗಲೂ ಅವರಿಗೆ ಬಹುಪಾಲು ತಿಳಿದಿರುತ್ತದೆ. ತಿಳಿದಿಲ್ಲವೆಂಬಂತೆ ನಟಿಸುವ ಹೊರೆಯೊಂದು ರೋಗದ ಮೇಲೆ ಹೆಚ್ಚುತ್ತದೆ. ಊರಿಗೆ ಮರಳಬೇಕೆ, ಮನೆಯ ಪತ್ರಗಳನ್ನು ಯಾರ ಹೆಸರಿಗೆ ಮಾಡಬೇಕು, ಯಾರನ್ನು ಒಮ್ಮೆ ನೋಡಬೇಕು ಎಂಬ ನಿರ್ಧಾರಗಳು ಅವರ ಕೈತಪ್ಪುತ್ತವೆ. ವಾತಾನಾಬೆಯ ಉದ್ಯಾನ ಸಾಧ್ಯವಾದದ್ದು ಅವನಿಗೆ ನಿಜ ತಿಳಿದದ್ದರಿಂದ, ಅದೂ ಅಪರಿಚಿತನೊಬ್ಬನ ಹರಟೆಯ ದೆಸೆಯಿಂದ.

ಎಲ್ಲರಿಗೂ ಎಲ್ಲವನ್ನೂ ಒಮ್ಮೆಗೇ ಹೇಳಬೇಕೆಂಬುದು ಇದರ ಅರ್ಥವಲ್ಲ. ಪರೀಕ್ಷೆಗೆ ಮುನ್ನವೇ, ಫಲಿತಾಂಶವನ್ನು ನೀವೇ ಕೇಳುವಿರಾ ಅಥವಾ ಮಕ್ಕಳಿಗೆ ಹೇಳಬೇಕೆ ಎಂದು ರೋಗಿಯನ್ನೇ ಕೇಳಿಬಿಡುವುದು ಒಳ್ಳೆಯದು. ಮಕ್ಕಳಿಗೆ ಹೇಳಿ ಎನ್ನುವವರಿದ್ದಾರೆ. ಅದು ಅವರ ಆಯ್ಕೆ, ಅದನ್ನು ಗೌರವಿಸಬೇಕು. ಇಲ್ಲಿನ ಆಸ್ಪತ್ರೆಗಳಲ್ಲಿ ದೂರವಾಣಿಯ ಮೂಲಕ ಕನ್ನಡ ಅನುವಾದಕರನ್ನು ಕೇಳಿ ಪಡೆಯಲು ಸಾಧ್ಯ. ಅದರಿಂದ ಮಕ್ಕಳು ಅನುವಾದಕರಾಗದೆ ಮಕ್ಕಳಾಗಿಯೇ ಪಕ್ಕದಲ್ಲಿ ಕೂರಬಹುದು.

ಅಣ್ಣನ ಪಾಠ ಮರಳಿದ್ದು: ‘ಕೆಂಪುಗಡ್ಡ’

‘ಸೆವೆನ್ ಸಮುರಾಯ್’ (1954), ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಧಾರಿತ ‘ಕುಮೊನೊಸು-ಜೊ’ (1957), ‘ಯೊಜಿಂಬೊ’ (1961) ಮುಂತಾದ ಪ್ರಸಿದ್ಧ ಚಿತ್ರಗಳನ್ನು ದಾಟಿ ಕುರೊಸಾವಾ 1965ರಲ್ಲಿ ಮತ್ತೆ ಚಿಕಿತ್ಸಾಲಯಕ್ಕೆ ಬಂದರು. ಶೂಗೊರೊ ಯಾಮಾಮೊಟೊನ ಕಥೆಗಳನ್ನು ಆಧರಿಸಿದ ‘ಕೆಂಪುಗಡ್ಡ’ ನಡೆಯುವುದು ಎದೊ ನಗರದ ಕೊಯಿಶಿಕಾವಾ ಚಿಕಿತ್ಸಾಲಯದಲ್ಲಿ. ಶೋಗನ್ ಆಡಳಿತ 1722ರಲ್ಲಿ ಬಡವರಿಗಾಗಿ ನಿಜವಾಗಿಯೂ ತೆರೆದಿದ್ದ ಸಂಸ್ಥೆಯದು. ನಾಗಾಸಾಕಿಯಲ್ಲಿ ಡಚ್ಚರ ವೈದ್ಯ ಕಲಿತು ಬಂದ ತರುಣ ಯಾಸುಮೊಟೊ ಅರಮನೆಯ ವೈದ್ಯನಾಗುವ ಕನಸು ಕಂಡವನು. ಈ ಬಡ ಆಸ್ಪತ್ರೆಗೆ ನಿಯೋಜಿತನಾಗಿ ಸಿಡಿಮಿಡಿಗೊಳ್ಳುತ್ತಾನೆ. ಮುಖ್ಯವೈದ್ಯ ನೀಡೆ, ಅಡ್ಡಹೆಸರು ಕೆಂಪುಗಡ್ಡ, ಅವನನ್ನು ಬೋಧಿಸುವುದಿಲ್ಲ, ನೋಡಲು ಕೂರಿಸುತ್ತಾನೆ. ಅರಿವಳಿಕೆಯಿಲ್ಲದ ಶಸ್ತ್ರಕ್ರಿಯೆ ನೋಡಿ ತರುಣ ಮೂರ್ಛೆ ಹೋಗುತ್ತಾನೆ. ಸಾಯುತ್ತಿರುವ ಮುದುಕನೊಬ್ಬನ ಪಕ್ಕದಲ್ಲಿ ಕುಳಿತು ಕೊನೆಯುಸಿರಿನವರೆಗೆ ನೋಡಬೇಕೆಂದು ಅಪ್ಪಣೆಯಾಗುತ್ತದೆ.

ಸುಮಿದಾ ನದಿಯ ದಡದಲ್ಲಿ ತಮ್ಮನನ್ನು ನಿಲ್ಲಿಸಿದ ಹೈಗೊ ಇಲ್ಲಿ ಗಡ್ಡ ಬಿಟ್ಟು ಮರಳಿ ಬಂದಂತಿದೆ. ಆದರೆ ಐವತ್ತೈದರ ಕುರೊಸಾವಾ ಹದಿಮೂರರಲ್ಲಿ ಕಲಿತ ಪಾಠಕ್ಕೆ ಒಂದು ಮಾತು ಸೇರಿಸಿದರು. ಭಯ ಹೋಗಲೆಂದು ನೋಡುವುದು ಅಣ್ಣನ ಪಾಠ. ಎದುರಿಗಿರುವವನು ಒಂಟಿಯಾಗದಿರಲೆಂದು ನೋಡುವುದು ಕೆಂಪುಗಡ್ಡನ ಪಾಠ. ಚಿತ್ರದ ಉತ್ತರಾರ್ಧದಲ್ಲಿ ವೇಶ್ಯಾಗೃಹದಿಂದ ಬಿಡಿಸಿ ತಂದ ಓತೊಯೊ ಎಂಬ ಬಾಲೆಯನ್ನು ಯಾಸುಮೊಟೊ ರಾತ್ರಿ ಹಗಲು ಶುಶ್ರೂಷೆ ಮಾಡುತ್ತಾನೆ. ಅವನು ಜ್ವರದಿಂದ ಮಲಗಿದಾಗ ಆ ಹುಡುಗಿಯೇ ಅವನನ್ನು ನೋಡಿಕೊಳ್ಳುತ್ತಾಳೆ; ಮುಂದೆ ಅವಳ ಕರುಣೆ ಹಸಿದ ಪುಟ್ಟ ಕಳ್ಳನೊಬ್ಬನ ಕಡೆಗೆ ಹರಿಯುತ್ತದೆ. ವಿಷ ಸೇವಿಸಿದ ಆ ಮಗುವಿನ ಜೀವ ಮರಳಲೆಂದು ಅಡುಗೆಮನೆಯ ಹೆಂಗಸರು ಬಾವಿಯೊಳಗೆ ಬಾಗಿ ಅವನ ಹೆಸರು ಕೂಗುವ ದೃಶ್ಯ ಅವರ ಎಲ್ಲ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು. ಅರಮನೆಯ ಹುದ್ದೆ ಕೈಗೆ ಬಂದಾಗ ಯಾಸುಮೊಟೊ ಅದನ್ನು ಒಲ್ಲದೆ ಚಿಕಿತ್ಸಾಲಯದಲ್ಲೇ ಉಳಿಯುತ್ತಾನೆ.

ಕುಸಿತ ಮತ್ತು ಮರುಹುಟ್ಟು

‘ಕೆಂಪುಗಡ್ಡ’ ಮಿಫುನೆಯೊಡನೆ ಮಾಡಿದ ಕೊನೆಯ ಚಿತ್ರ. ಕಪ್ಪು-ಬಿಳುಪಿನ ಕೊನೆಯ ಚಿತ್ರವೂ ಹೌದು. ಅನಂತರದ ವರ್ಷಗಳು ಕಠಿಣವಾದವು. ಪರ್ಲ್ ಹಾರ್ಬರ್ ದಾಳಿಯನ್ನು ಕುರಿತ ಹಾಲಿವುಡ್ ಚಿತ್ರದ ಜಪಾನಿ ಭಾಗದ ನಿರ್ದೇಶನದಿಂದ 1968ರಲ್ಲಿ ಅವರನ್ನು ತೆಗೆದುಹಾಕಲಾಯಿತು. 1970ರಲ್ಲಿ ತೆರೆಕಂಡ ಮೊದಲ ವರ್ಣಚಿತ್ರ ‘ದೊದೆಸ್ಕಾದೆನ್’ ನಷ್ಟ ತಂದಿತು. ಜಪಾನಿನ ಚಿತ್ರೋದ್ಯಮವೇ ದೂರದರ್ಶನದ ಪೆಟ್ಟಿಗೆ ತತ್ತರಿಸಿ, ಹಣ ಹೂಡುವವರು ಇಲ್ಲವಾದರು. 1971ರ ಡಿಸೆಂಬರಿನಲ್ಲಿ ಕುರೊಸಾವಾ ಆತ್ಮಹತ್ಯೆಗೆ ಯತ್ನಿಸಿ, ಬದುಕಿ ಉಳಿದರು.

ಖಿನ್ನತೆ ಮನೋದೌರ್ಬಲ್ಯವಲ್ಲ, ಕಾಯಿಲೆ. ಕುಟುಂಬದಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರೆ ಉಳಿದವರಿಗೂ ಅಪಾಯ ಹೆಚ್ಚು. ಬದುಕಿ ಉಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂಬುದೂ ವೈದ್ಯಶಾಸ್ತ್ರ ಕಂಡುಕೊಂಡ ಸತ್ಯ. ಕುರೊಸಾವಾ ಬದುಕಿದ್ದು ಮತ್ತೆ ಇಪ್ಪತ್ತಾರು ವರ್ಷಗಳಿಗೂ ಹೆಚ್ಚು ಕಾಲ. ಮಾಡಿದ್ದು ಮತ್ತೆ ಆರು ಚಿತ್ರಗಳನ್ನು. ಅಂಥ ಯೋಚನೆ ಕಾಡುವವರು ಅಮೆರಿಕದಲ್ಲಿ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಸೋವಿಯತ್ ಒಕ್ಕೂಟದ ಆಹ್ವಾನದ ಮೇರೆಗೆ ಅಲ್ಲಿನ ಪೂರ್ವದ ಕಾಡುಗಳಲ್ಲಿ ಚಿತ್ರಿಸಿದ ‘ದೆರ್ಸು ಉಜಾಲಾ’ (1975) ಆಸ್ಕರ್ ಪಡೆಯಿತು. ಅದರ ನಾಯಕ ದೃಷ್ಟಿ ಮಂದವಾಗುತ್ತಿರುವ ಮುದಿ ಬೇಟೆಗಾರ. 1977ರಲ್ಲಿ ದೆಹಲಿಯ ಚಿತ್ರೋತ್ಸವಕ್ಕೆ ಬಂದ ಕುರೊಸಾವಾ, ಸತ್ಯಜಿತ್ ರಾಯ್ ಮತ್ತು ಇಟಲಿಯ ಆಂತೊನಿಯೊನಿಯವರೊಡನೆ ತಾಜಮಹಲಿನ ಎದುರು ನಿಂತ ಛಾಯಾಚಿತ್ರ ಇಂದಿಗೂ ಜನಪ್ರಿಯ.

ಕನ್ನಡ ಮತ್ತು ಸ್ಯಾನ್ ಫ್ರಾನ್ಸಿಸ್ಕೊ

ಮರುವರ್ಷ ಕನ್ನಡದಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ತೆರೆಕಂಡಿತು. ಕೂಲಿಗೆ ಕಾದುವ ವೀರರ ಈ ಕಥೆ ಕುರೊಸಾವಾ ಸಮುರಾಯ್ ಚಿತ್ರಗಳಿಂದ ಸ್ಫೂರ್ತಿ ಪಡೆದದ್ದು. ಆದರೆ ಅದರ ಮಣ್ಣು, ಮಾತು, ಕತ್ತಿವರಸೆ ಎಲ್ಲವೂ ನಮ್ಮವು. ಶಂಕರ್ ನಾಗ್ ಅವರ ಮೊದಲ ಚಿತ್ರವಿದು. 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದುಕೊಟ್ಟಿತು.

ನಾವಿರುವ ಈ ಕೊಲ್ಲಿ ಪ್ರದೇಶಕ್ಕೂ ಕುರೊಸಾವಾಗೂ ನಂಟು ಹಳೆಯದು. 1957ರ ಡಿಸೆಂಬರಿನಲ್ಲಿ ನಡೆದ ಸ್ಯಾನ್ ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ಚಿತ್ರೋತ್ಸವದ ಮೊದಲ ಆವೃತ್ತಿಯಲ್ಲೇ ‘ಕುಮೊನೊಸು-ಜೊ’ ಮತ್ತು ರಾಯ್ ಅವರ ‘ಪಥೇರ್ ಪಾಂಚಾಲಿ’ ಪ್ರದರ್ಶಿತವಾದವು. 1970ರ ದಶಕದ ಕೊನೆಗೆ ‘ಕಾಗೆಮುಶಾ’ ಚಿತ್ರಕ್ಕೆ ಹಣ ಸಿಗದೆ, ಚಿತ್ರ ಎಂದಾದರೂ ಆದೀತೆಂಬ ಭರವಸೆಯಿಲ್ಲದೆ, ಕುರೊಸಾವಾ ಅದರ ದೃಶ್ಯಗಳನ್ನು ನೂರಾರು ವರ್ಣಚಿತ್ರಗಳಾಗಿ ಬರೆಯುತ್ತ ಕುಳಿತಿದ್ದರು. ಆಗ ನೆರವಿಗೆ ಬಂದವರು ಇಲ್ಲಿಯೇ ನೆಲೆಸಿ ಚಿತ್ರ ಮಾಡುತ್ತಿದ್ದ ಜಾರ್ಜ್ ಲುಕಾಸ್ ಮತ್ತು ಫ್ರಾನ್ಸಿಸ್ ಕೊಪ್ಪೊಲಾ. ಕುರೊಸಾವಾ ಅವರ 1958ರ ಚಿತ್ರವೊಂದರಿಂದ ‘ಸ್ಟಾರ್ ವಾರ್ಸ್’ಗೆ ಎಳೆಗಳನ್ನು ಪಡೆದಿದ್ದ ಲುಕಾಸ್, ಹಾಲಿವುಡ್ ಸಂಸ್ಥೆಯೊಂದು ಚಿತ್ರದ ವಿದೇಶಿ ಹಕ್ಕು ಕೊಳ್ಳುವಂತೆ ಮಾಡಿ ಗುರುಋಣ ತೀರಿಸಿದರು. ‘ಕಾಗೆಮುಶಾ’ 1980ರ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಬರ್ಕ್ಲಿಯ ಪೆಸಿಫಿಕ್ ಫಿಲ್ಮ್ ಆರ್ಕೈವ್ ಜಪಾನಿ ಚಿತ್ರಗಳ ಬಹುದೊಡ್ಡ ಸಂಗ್ರಹ ಹೊಂದಿದ್ದು, ಅಲ್ಲಿ ಕುರೊಸಾವಾ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡುವ ಅವಕಾಶ ಆಗಾಗ ದೊರೆಯುತ್ತದೆ.

ಕೊನೆಯ ವರ್ಷಗಳು

ಶೇಕ್ಸ್‌ಪಿಯರನ ಲಿಯರ್ ದೊರೆಯ ಕಥೆಯನ್ನು ಜಪಾನಿಗೆ ತಂದ ‘ರಾನ್’ (1985) ಚಿತ್ರೀಕರಣದ ವೇಳೆ ಪತ್ನಿ ಯೊಕೊ ನಿಧನರಾದರು. ಆ ವೇಳೆಗೆ ಕುರೊಸಾವಾ ದೃಷ್ಟಿ ಬಹಳ ಕುಂದಿತ್ತು. ಮೊದಲೇ ಬರೆದಿಟ್ಟ ವರ್ಣಚಿತ್ರಗಳು ಸಹಾಯಕರಿಗೆ ದಾರಿ ತೋರಿದವು. 1990ರಲ್ಲಿ ಗೌರವ ಆಸ್ಕರ್ ಬಂದಿತು. 1993ರ ‘ಮಾದಾದಾಯೊ’ ಅವರ ಕೊನೆಯ ಚಿತ್ರ. ಇನ್ನೂ ಇಲ್ಲ ಎಂಬುದು ಆ ಶೀರ್ಷಿಕೆಯ ಅರ್ಥ. ಮುದಿ ಉಪಾಧ್ಯಾಯರೊಬ್ಬರನ್ನು ಹಳೆಯ ಶಿಷ್ಯರು ವರ್ಷಕ್ಕೊಮ್ಮೆ ಸೇರಿ, ಹೊರಡಲು ಸಿದ್ಧರೇ ಎಂದು ಛೇಡಿಸುತ್ತಾರೆ. ಅವರು ಬಿಯರ್ ಕುಡಿದು ಮುಗಿಸಿ, ಇನ್ನೂ ಇಲ್ಲ ಎನ್ನುತ್ತಾರೆ. ಸಾವನ್ನು ಹೆಸರಿಟ್ಟು ಕರೆದು, ಅದರೊಡನೆ ನಗಬಲ್ಲವರ ಕೂಟವದು. ‘ಇಕಿರು’ವಿನ ಆಸ್ಪತ್ರೆಯಲ್ಲಿ ಯಾರೂ ಆಡದ ಮಾತನ್ನು ಇಲ್ಲಿ ಎಲ್ಲರೂ ಆಡುತ್ತಾರೆ.

1995ರಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಕುರೊಸಾವಾ ಗಾಲಿಕುರ್ಚಿಗೆ ಸೀಮಿತರಾದರು. 1997ರ ಡಿಸೆಂಬರಿನಲ್ಲಿ ಮಿಫುನೆ ತೀರಿಕೊಂಡರು. 1998ರ ಸೆಪ್ಟೆಂಬರ್ 6ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಕುರೊಸಾವಾ ತೋಕಿಯೊದಲ್ಲಿ ನಿಧನರಾದರು.

ಅವರ ಚಿತ್ರಗಳನ್ನು ಈಗಷ್ಟೇ ನೋಡತೊಡಗುವವರು ಕತ್ತಿಯ ಚಿತ್ರಗಳಿಗೂ ಮೊದಲು ‘ಇಕಿರು’ವನ್ನು ನೋಡಲಿ, ಸಾಧ್ಯವಿದ್ದರೆ ತಂದೆ ತಾಯಿಯರ ಜೊತೆ ಕುಳಿತು ನೋಡಲಿ. ಚಿತ್ರ ಮುಗಿದ ಮೇಲೆ, ನಿಮಗೆ ಹೀಗಾದರೆ ಹೇಳಬೇಕೆ ಬೇಡವೆ ಎಂದು ಅವರನ್ನು ಕೇಳುವುದು ಆಗ ಕಷ್ಟವಾಗದು. ಎಲ್ಲರೂ ಆರೋಗ್ಯದಿಂದಿರುವಾಗಲೇ ಕೇಳಿಟ್ಟುಕೊಳ್ಳಬೇಕಾದ ಪ್ರಶ್ನೆಯದು.